ಪೈಲಟ್‌ಗಳ ತಾರೀಕು ಕಾಯುವ ಯಶೋಧಕ್ಕ

ಬೆಳಗಿನ ಐದೂವರೆ. ಬೆಳಗೊಳದ ಕೈಗಾರಿಕಾ ಪ್ರದೇಶದ ಕೊನೆಯ ಅಡ್ಡರಸ್ತೆಯಲ್ಲಿ ಒಂದೇ ಒಂದು ಶೆಡ್ಡಿನ ಬಾಗಿಲು ತೆರೆದಿದೆ. ಒಳಗೆ, ತಗಡಿನ ಚಾವಣಿಯ ಕೆಳಗೆ, ವಿಮಾನದ ಮೂತಿಯನ್ನಷ್ಟೇ ಕತ್ತರಿಸಿ ತಂದಿಟ್ಟಂತೆ ಒಂದು ಬಿಳಿ ಪೆಟ್ಟಿಗೆ ನಿಂತಿದೆ. ರೆಕ್ಕೆ ಇಲ್ಲ, ಚಕ್ರ ಇಲ್ಲ, ಬಾಲವಂತೂ ಇಲ್ಲವೇ ಇಲ್ಲ. ಅದರ ಹಿಂದೆ ಮೂರು ಪರದೆಗಳ ಮೇಜು. ಮೇಜಿನ ಮುಂದೆ ನೂಲಿನ ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತಿರುವವರು ಯಶೋಧ. ವಯಸ್ಸು ನಲವತ್ತಾರು.

"ಟರ್ನ್ ಲೆಫ್ಟ್, ಹೆಡಿಂಗ್ ಒನ್ ಟೂ ಝೀರೋ," ಎಂದು ಮೈಕಿನಲ್ಲಿ ತಿರುಗಬೇಕಾದ ದಿಕ್ಕಿನ ಅಂಕಿ ಹೇಳುತ್ತಾರೆ. ಥೇಟ್ ದೊಡ್ಡ ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಯ ದನಿ. ಏರಿಳಿತವಿಲ್ಲ, ಅವಸರವಿಲ್ಲ. ಪೆಟ್ಟಿಗೆಯೊಳಗಿನಿಂದ ಹುಡುಗಿಯೊಬ್ಬಳ ದನಿ ಅದನ್ನೇ ತಿರುಗಿ ಹೇಳುತ್ತದೆ. ಹತ್ತು ಸೆಕೆಂಡು ಕಳೆಯುತ್ತದೆ. ಪರದೆಯ ಮೇಲೆ ವಿಮಾನದ ಜಾಡು ತೋರಿಸುವ ಹಸಿರು ಗೆರೆ ನಿಧಾನವಾಗಿ ದಾರಿ ಬಿಟ್ಟು ಬಲಕ್ಕೆ ಜಾರುತ್ತದೆ. ಯಶೋಧ ಮೈಕು ಸರಿಸಿ, ಪೆಟ್ಟಿಗೆಯ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ.

"ಒನ್ ಟೂ ಝೀರೋ ಅಂದೆ ಕಣಮ್ಮಿ! ನೀನು ಒನ್ ಫೋರ್ ಝೀರೋಗೆ ಓಯ್ತಾ ಇದ್ದೀಯ. ಅತ್ತಗೆ ಯಾರ ಮನೆ ಅದೆ ಅಂತ ಓಯ್ತೀಯ?"

ಒಳಗಿನಿಂದ ಒಂದು ನಿಟ್ಟುಸಿರು ಕೇಳಿಸುತ್ತದೆ. ಗೆರೆ ಮತ್ತೆ ದಾರಿಗೆ ಬರುತ್ತದೆ. ಯಶೋಧ ಗೋಡೆ ಗಡಿಯಾರ ನೋಡುತ್ತಾರೆ. ಇಷ್ಟು ಬೇಗ ಯಾಕೆ ಎಂದು ಕೇಳಿದರೆ ನನ್ನ ಮೇಲೂ ಅದೇ ರೇಗುವ ದನಿ. "ಎಂಟು ಗಂಟೆಗೆ ಪಕ್ಕದ ಶೆಡ್ಡಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡೋ ಮಿಷನ್ನು ಸುರು ಆಯ್ತದೆ ಸಾರ್. ಅದು ಸುರು ಆದೇಟ್ಗೆ ನಮ್ ವಿಮಾನ ಬಿದ್ದೋಯ್ತದೆ." ವೋಲ್ಟೇಜ್ ಇಳಿದು ಪರದೆಗಳು ಆರಿಹೋಗುತ್ತವೆ ಎಂಬುದು ಆ ಮಾತಿನ ಅರ್ಥ. ಮೂರು ವರ್ಷದಿಂದ ಬೇರೆ ಲೈನು ಕೊಡಿ ಎಂದು ಅರ್ಜಿ ಬರೆಯುತ್ತಿದ್ದಾರೆ. ಅರ್ಜಿಯ ನಕಲುಗಳೇ ಒಂದು ಫೈಲು ತುಂಬಿವೆ.

ಯಶೋಧ ಪೈಲಟ್ ಅಲ್ಲ. ಪಾಠ ಹೇಳುವ ಅಧಿಕಾರವೂ ಅವರಿಗಿಲ್ಲ. ಸಂಬಳದ ಚೀಟಿಯಲ್ಲಿ ಅವರ ಹುದ್ದೆ 'ಕಚೇರಿ ಸಹಾಯಕಿ'. ಪಾಠ ಹೇಳುವವರು ಕ್ಯಾಪ್ಟನ್ ನಂಜಪ್ಪ. ಪಾಂಡವಪುರದ ಕಡೆಯವರು, ಎಪ್ಪತ್ತೊಂದು ವಯಸ್ಸು, ಮೂವತ್ತು ವರ್ಷ ವಿಮಾನ ಓಡಿಸಿ ನಿವೃತ್ತರಾದವರು. ಈ ಶೆಡ್ಡು, ನೆಲದ ಮೇಲೇ ಹಾರಾಟ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್ ಎಂಬ ಈ ಪೆಟ್ಟಿಗೆ, ಎರಡೂ ಅವರವೇ. ಅವರು ಪೆಟ್ಟಿಗೆಯೊಳಗೆ ಕಲಿಯುವವರ ಪಕ್ಕ ಕೂರುತ್ತಾರೆ. ಹೊರಗೆ ಮೇಜಿನಲ್ಲಿ ಕುಳಿತು ಗಾಳಿ ಬೀಸಿಸುವುದು, ಮೋಡ ಕವಿಸುವುದು, ಎಂಜಿನ್ ಕೆಡಿಸುವುದು, ನಿಯಂತ್ರಣ ಕೊಠಡಿಯಾಗಿ ಮಾತಾಡುವುದು, ಇವೆಲ್ಲ ಯಶೋಧ ಅವರ ಕೆಲಸ. ಆದರೆ ಅವರನ್ನು ಹುಡುಕಿಕೊಂಡು ನಾನು ಬಂದದ್ದು ಇದಕ್ಕಲ್ಲ. ಅವರು ಕಾಯುವ ತಾರೀಕುಗಳಿಗಾಗಿ.

ಆ ತಾರೀಕು ಯಾವುದು ಎಂದು ಮೊದಲು ಹೇಳಬೇಕು. ಮೋಡದೊಳಗೆ ಹೊಕ್ಕ ಪೈಲಟ್‌ಗೆ ಆಕಾಶ ಭೂಮಿ ಸೇರುವ ಗೆರೆ ಕಾಣುವುದಿಲ್ಲ. ವಿಮಾನ ಒಂದು ಕಡೆಗೆ ವಾಲುತ್ತಿದ್ದರೂ ಒಳಗಿವಿ ನೆಟ್ಟಗಿದ್ದೇನೆ ಎಂದೇ ಹೇಳುತ್ತದೆ. ಆಗ ನಂಬಬೇಕಾದ್ದು ಸ್ವಂತ ಮೈಯನ್ನಲ್ಲ, ಎದುರಿಗಿರುವ ಮೀಟರುಗಳನ್ನು. ಒಂದಾದ ಮೇಲೊಂದು, ನಿಲ್ಲಿಸದೆ ಓದಬೇಕು. ಹಾಗೆ ಓದಿಕೊಂಡು ಹಾರಬಲ್ಲೆ ಎಂಬುದಕ್ಕೆ ಕೊಡುವ ಅರ್ಹತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಎನ್ನುತ್ತಾರೆ. ಅದರ ಆಯಸ್ಸು ಒಂದು ವರ್ಷ. ವರ್ಷ ತುಂಬುವ ಮೊದಲು ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊರಗಿನದು ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ನಿಜವಾದ ವಿಮಾನ ಹಾರಿಸಿ ತೋರಿಸಬೇಕು. ದೊಡ್ಡ ಕಂಪನಿಯಲ್ಲಿ ಕೆಲಸ ಇರುವವರಿಗೆ ಇದನ್ನೆಲ್ಲ ಕಂಪನಿಯೇ ಮಾಡಿಸುತ್ತದೆ. ಲೈಸೆನ್ಸ್ ಇದ್ದೂ ಕೆಲಸ ಸಿಗದವರು ಮಾತ್ರ ತಾವೇ ಓಡಾಡಬೇಕು.

ಅಂಥ ಐವತ್ತೆಂಟು ಜನರ ಹೆಸರು ಯಶೋಧ ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿದೆ. ಒಬ್ಬೊಬ್ಬರಿಗೂ ನಾಲ್ಕು ತಾರೀಕು: ರೇಟಿಂಗಿನದು, ವೈದ್ಯಕೀಯ ತಪಾಸಣೆಯದು, ರೇಡಿಯೋದಲ್ಲಿ ಮಾತಾಡುವ ಪರವಾನಗಿಯದು, ಲೈಸೆನ್ಸಿನದು. ಒಟ್ಟು ಇನ್ನೂರ ಮೂವತ್ತೆರಡು. ದಿನಕ್ಕೆ ಇಪ್ಪತ್ತು ಫೋನು ಮಾಡುತ್ತಾರೆ. ಒಂಬತ್ತು ಜನ ಎತ್ತುತ್ತಾರೆ.

"ಮಿಕ್ಕೋರು ನನ್ ನಂಬರ್ ನೋಡಿ ಎತ್ತಾಕಿಲ್ಲ," ಎನ್ನುತ್ತಾರೆ. "ಸಾಲ ಕೊಟ್ಟೋಳಂಗೆ ನೋಡ್ತಾರೆ ನನ್ನ. ನಂದೇನಾದ್ರೂ ಅದಾ ಅಲ್ಲಿ? ಅವ್ರ ಲೈಸೆನ್ಸು, ಅವ್ರ ಬದ್ಕು. ಎಲ್ಡು ತಿಂಗ್ಳು ಮುಂಚೆ ಯೋಳಿದ್ರೆ 'ಇನ್ನೂ ಟೈಮ್ ಅದೆ ಅಕ್ಕ' ಅಂತಾರೆ. ಎಲ್ಡು ದಿನ ಮುಂಚೆ ಓಡ್ಬಂದು 'ಏನಾದ್ರೂ ಮಾಡಕ್ಕ' ಅಂತಾರೆ. ಏನ್ ಮಾಡ್ಲಿ? ಕ್ಯಾಲೆಂಡರಿಗೆ ಎಲ್ಡು ದಿನ ಹೊಲಿದು ಸೇರಿಸ್ಲಾ?"

ಯಶೋಧ ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ. ತಂದೆಗೆ ನಲವತ್ತು ಕುರಿ, ಮಳೆ ನಂಬಿದ ಹೊಲ. ಪಿಯುಸಿ ಮುಗಿಸಿ, ನಾಗಮಂಗಲಕ್ಕೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಕಲಿತರು. ಮದುವೆಯಾಗಿ ಬೆಳಗೊಳಕ್ಕೆ ಬಂದರು. ಪತಿ ಲೋಕೇಶ ಇಲ್ಲಿನ ಹಾಲಿನ ಡೇರಿಯಲ್ಲಿದ್ದಾರೆ. ಹತ್ತೊಂಬತ್ತು ವರ್ಷದ ಹಿಂದೆ, ಸಣ್ಣದೊಂದು ಹಾರಾಟ ಶಾಲೆಗೆ ಟೈಪಿಸ್ಟ್ ಬೇಕು ಎಂದು ಪತ್ರಿಕೆಯಲ್ಲಿ ನೋಡಿ ಹೋದರು. ಮೂರು ವಿಮಾನ, ಒಂದು ಪೆಟ್ಟಿಗೆ ಇದ್ದ ಶಾಲೆ ಅದು. ಪೆಟ್ಟಿಗೆ ನಡೆಸುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟರು. "ಯಶೋಧಮ್ಮ, ಸ್ವಲ್ಪ ಈ ಗುಂಡಿ ಒತ್ತಿ" ಎಂದು ಕ್ಯಾಪ್ಟನ್ ನಂಜಪ್ಪ ಕರೆದರು. ಆ ಸ್ವಲ್ಪ ಇನ್ನೂ ಮುಗಿದಿಲ್ಲ. ಶಾಲೆ ಮುಚ್ಚಿತು, ವಿಮಾನಗಳು ಮಾರಾಟವಾದವು. ಪೆಟ್ಟಿಗೆಯನ್ನು ಕ್ಯಾಪ್ಟನ್ ಕೊಂಡು ಇಲ್ಲಿ ತಂದಿಟ್ಟರು. ಪೆಟ್ಟಿಗೆಯ ಜೊತೆಗೆ ಯಶೋಧ ಅವರೂ ಬಂದರು.

ರೇಡಿಯೋ ಇಂಗ್ಲಿಷನ್ನು ಅವರು ಕಲಿತದ್ದು ಕೇಳಿ ಕೇಳಿ. ಹಳೆಯ ಧ್ವನಿಮುದ್ರಿಕೆಗಳನ್ನು ಹಾಕಿಕೊಂಡು, ರಾಗಿ ಮುದ್ದೆ ತಿರುವುತ್ತಾ ಅಭ್ಯಾಸ ಮಾಡಿದರಂತೆ. "ನಮ್ಮನೆಯೋರು ಒಂದಿನ ಹೆದ್ರಿಕಂಡುಬುಟ್ರು. ಒಬ್ಳೇ ಇಂಗ್ಲಿಷಲ್ಲಿ ಮಾತಾಡ್ತಾವ್ಳೆ, ಏನಾದ್ರೂ ಮೆಟ್ಕಂಡದಾ ಅಂತ."

ತಾರೀಕಿನ ನೋಟ್‌ಬುಕ್ಕು ಶುರುವಾದ ಕತೆಯನ್ನು ಮಾತ್ರ ಅವರು ಬೇಗ ಹೇಳುವುದಿಲ್ಲ. ಎರಡನೇ ಸಲ ಹೋದಾಗ, ಕಾಫಿ ಲೋಟ ಕೆಳಗಿಟ್ಟು ಹೇಳಿದರು. ಆರು ವರ್ಷದ ಹಿಂದೆ ನಾಗಮಂಗಲದ ದಿಲೀಪ್ ಎಂಬ ಪೈಲಟ್ ಇಲ್ಲಿ ಅಭ್ಯಾಸ ಮಾಡುತ್ತಿದ್ದ. ಅವನ ರೇಟಿಂಗ್ ಮಾರ್ಚಿಗೆ ಮುಗಿಯಬೇಕಿತ್ತು. ಎಲ್ಲರ ತಾರೀಕು ಬರೆದಿಡುತ್ತಿದ್ದ ಗೋಡೆಯ ಪಟ್ಟಿಯಲ್ಲಿ ಯಶೋಧ ಮೇ ಎಂದು ಬರೆದುಬಿಟ್ಟರು. ದಿಲೀಪ್ ಆ ಪಟ್ಟಿಯನ್ನೇ ನಂಬಿಕೊಂಡಿದ್ದ. ಏಪ್ರಿಲಿನಲ್ಲಿ ಒಂದು ವಿಮಾನ ಕಂಪನಿ ಅವನನ್ನು ಕರೆಯಿತು. ಕಾಗದ ಪತ್ರ ನೋಡಿ, ರೇಟಿಂಗ್ ಮುಗಿದಿದೆಯಲ್ಲ ಎಂದು ವಾಪಸು ಕಳಿಸಿತು. ಆ ಸಲದ ನೇಮಕಾತಿಯ ಬಾಗಿಲು ಹಾಗೇ ಮುಚ್ಚಿತು. ಮುಂದೆ ಯಾರೂ ಕರೆಯಲಿಲ್ಲ. ನೋಟ್‌ಬುಕ್ಕು, ದಿನದ ಫೋನುಗಳು ಶುರುವಾದದ್ದು ಅಂದಿನಿಂದ.

"ಅವ್ನು ನನ್ನ ಒಂದ್ ಮಾತೂ ಬೈಲಿಲ್ಲ ಸಾರ್. ಬೈದಿದ್ರೆ ಎಷ್ಟೋ ವಾಸಿ ಆಗಿತ್ತು," ಎನ್ನುವಾಗ ಅವರ ದನಿಯಲ್ಲಿ ಸಿಟ್ಟೇ ಇದೆ, ತಮ್ಮ ಮೇಲಿನ ಸಿಟ್ಟು.

ದಿಲೀಪ್ ಈಗ ನಾಗಮಂಗಲದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಫೋನಿನಲ್ಲಿ ಕೇಳಿದೆ. "ನನ್ ಲೈಸೆನ್ಸು, ನನ್ ತಾರೀಕು. ನಾನು ನೋಡ್ಕಬೇಕಿತ್ತು," ಎಂದರು. "ಯಶೋಧಕ್ಕ ಇನ್ನೂ ಅದನ್ನೇ ಇಟ್ಕಂಡವ್ರಾ? ಬುಟ್ಬುಡಿ ಅಂತ ಯೋಳಿ ಸಾರ್." ನಾನು ಹೇಳಿದೆ. ಅವರು ಬಿಡಲಿಲ್ಲ.

ಪೆಟ್ಟಿಗೆಯೊಳಗೆ ದಾರಿ ತಪ್ಪುತ್ತಿದ್ದ ಹುಡುಗಿ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ರಂಜಿತ. ಇಪ್ಪತ್ತೊಂಬತ್ತು ವಯಸ್ಸು. ಲೈಸೆನ್ಸ್ ಪಡೆದು ಐದು ವರ್ಷವಾಗಿದೆ, ವಿಮಾನದ ಕೆಲಸ ಸಿಕ್ಕಿಲ್ಲ. ಕೆ.ಆರ್. ಪೇಟೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ಅವಳ ರೇಟಿಂಗ್ ಮುಗಿಯುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ. ಜುಲೈನಿಂದ ಯಶೋಧ ಹನ್ನೊಂದು ಸಲ ಫೋನು ಮಾಡಿದ್ದರು. ಎರಡು ಸಲ ಎತ್ತಿ "ನೋಡ್ತೀನಿ ಅಕ್ಕ" ಎಂದಳು. ಒಂಬತ್ತು ಸಲ ಎತ್ತಲೇ ಇಲ್ಲ.

ಆಗಸ್ಟ್ ಕೊನೆಯ ಭಾನುವಾರ ಯಶೋಧ ಬಸ್ಸು ಹತ್ತಿದರು. ಶ್ರೀರಂಗಪಟ್ಟಣಕ್ಕೆ ಒಂದು, ಪಾಂಡವಪುರಕ್ಕೆ ಒಂದು, ಕೆ.ಆರ್. ಪೇಟೆಗೆ ಇನ್ನೊಂದು. ಅಲ್ಲಿಂದ ಹೊಸಹೊಳಲಿಗೆ ಆಟೋ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮೂರು ಮನೆ ಕೇಳಿ, ನಾಲ್ಕನೆಯ ಬಾಗಿಲು ತಟ್ಟಿದರು. ತೆಗೆದವರು ರಂಜಿತಳ ತಾಯಿ ಬೈರಮ್ಮ.

"ಯಾರವ್ವ ನೀನು?"

"ನಿಮ್ ಮಗಳ ತಾರೀಕಿನೋಳು. ಅವ್ಳನ್ನ ಕರೀರಿ."

ರಂಜಿತ ಹಿಂದಿನ ಜಗಲಿಯಲ್ಲಿ ಮಕ್ಕಳ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಯಶೋಧ ಅವರನ್ನು ನೋಡಿ ಕೆಂಪು ಪೆನ್ನು ಹಿಡಿದುಕೊಂಡೇ ಎದ್ದು ನಿಂತಳು. ಮುಂದಿನ ಮಾತನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ವ್ಯತ್ಯಾಸವೇನೂ ಇಲ್ಲ.

"ಅಕ್ಕ, ನಾನು ಈ ವರ್ಷ ಮಾಡಿಸಲ್ಲ. ಸಾಕು."

"ಯಾಕೆ?"

"ಐದು ವರ್ಷ ಆಯ್ತು. ವರ್ಷ ವರ್ಷ ಪರೀಕ್ಷೆ ಪಾಸು ಮಾಡ್ತೀನಿ, ಮನೆಗೆ ಬಂದು ಕೂತ್ಕೋತೀನಿ. ಓಡಿಸೋಕೆ ವಿಮಾನ ಇಲ್ಲ. ಓಡಿಸ್ತೀನಿ ಅಂತ ತೋರಿಸೋಕೆ ಮಾತ್ರ ಪರೀಕ್ಷೆ. ಕಾಲೇಜಲ್ಲಿ ಮಕ್ಕಳು 'ಮೇಡಂ, ನೀವು ಪೈಲಟ್ ಅಂತೆ' ಅಂತಾರೆ. ಹೂಂ ಅನ್ನೋಕೆ ನಾಚಿಕೆ ಆಗ್ತದೆ."

"ಬುಡಕ್ಕೆ ಇದೇನ್ ಟೈಲರಿಂಗ್ ಕ್ಲಾಸಾ?" ಎಂದು ಶುರುಮಾಡಿದ ಯಶೋಧ, ಹುಡುಗಿಯ ಮುಖ ನೋಡಿ ದನಿ ಇಳಿಸಿದರು. "ಬುಡಂಗಿದ್ರೆ ಬುಡು. ನಾನ್ ಬ್ಯಾಡ ಅನ್ನಾಕಿಲ್ಲ. ಆದ್ರೆ ತಾರೀಕು ದಾಟ್‌ಹೋಯ್ತು ಅಂತ ಬುಡ್ಬೇಡ. ನಾಳೆ ಯಾವ್ದಾದ್ರೂ ಕಂಪ್ನಿ ಕರೀತದೆ ಅಂತ ಇಟ್ಕೋ. ರೇಟಿಂಗ್ ಅದಾ ಅಂತ ಕೇಳ್ತದೆ. ಆಗ ಇಲ್ಲ ಅನ್ನೋದು ಬ್ಯಾರೆ, ಬ್ಯಾಡ ಅನ್ನೋದು ಬ್ಯಾರೆ. ಬ್ಯಾಡ ಅನ್ನಕ್ಕಾದ್ರೂ ನಿನ್ ಕೈಲಿ ಅದು ಇರ್ಬೇಕಲ್ವಾ?"

ರಂಜಿತ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಬೈರಮ್ಮ ಕಾಫಿ ತಂದಿಟ್ಟು ಅಲ್ಲೇ ಕುಕ್ಕರಿಸಿದರು. "ನಂಗೂ ಸಾಕಾಗದೆ ಕಣವ್ವ. ನೆಂಟರು ಬಂದ್ರೆ ಮದ್ವೆ ಯಾವಾಗ ಅಂತ ಕೇಳ್ತಾರೆ, ಇವ್ಳು ಮುಂದಿನ ಪರೀಕ್ಷೆ ಮುಗೀಲಿ ಅಂತಾಳೆ. ಆ ಪರೀಕ್ಷೆ ಮುಗಿಯೋದೇ ಇಲ್ಲ! ಎಸ್ಸೆಲ್ಸಿ ಮಾಡ್ದೋರು ಮತ್ತೆ ಎಸ್ಸೆಲ್ಸಿ ಬರೀತಾರಾ ವರ್ಷ ವರ್ಷ?" ಎಂದವರು ಮಗಳ ಕಡೆ ತಿರುಗಿದರು. "ಆದ್ರೂ ಮೂರು ಬಸ್ಸು ಬದ್ಲಾಯಿಸ್ಕಂಡು ಬಂದವ್ಳೆ ಈ ಯಮ್ಮ. ನಿಮ್ ಕಾಲೇಜಿಂದ ಯಾರಾದ್ರೂ ಬಂದವ್ರಾ ಇಂಗೆ?"

ಅಂದು ಒಪ್ಪಿಗೆಯೇನೂ ಸಿಗಲಿಲ್ಲ. ಯಶೋಧ ಬೈದುಕೊಳ್ಳುತ್ತಲೇ ಮನೆಗೆ ಬಂದರು. ಭಾನುವಾರದ ಬಟ್ಟೆ ಒಗೆಯುವ ಕೆಲಸವೂ ಕೆಟ್ಟಿತ್ತು. ಎಂಟು ದಿನ ಕಳೆದ ಮೇಲೆ, ಒಂದು ಸಂಜೆ, ಶೆಡ್ಡಿನ ಮುಂದೆ ರಂಜಿತ ಚೀಲ ಹಿಡಿದು ನಿಂತಿದ್ದಳು. ಕಾಲೇಜಿಗೆ ರಜೆ ಹಾಕಿ ಬಂದಿದ್ದಳು.

"ಫೋನ್ ಮಾಡಿ ಬರಕ್ಕೇನಾಗಿತ್ತು?" ಎಂದದ್ದೇ ಯಶೋಧ ಅವರ ಸ್ವಾಗತ. ಆಮೇಲೆ ಚೀಲ ಇಸಿದುಕೊಂಡು ಮನೆಗೆ ಕರೆದೊಯ್ದರು. ಬೆಳಗಿನ ಐದಕ್ಕೆ ಹೊಸಹೊಳಲಿನಿಂದ ಬರಲು ಯಾವ ಬಸ್ಸೂ ಇಲ್ಲ.

ಹನ್ನೊಂದು ತಿಂಗಳು ಕೈಯಾಡಿಸದ ವಿದ್ಯೆ ಹೇಗಿರಬೇಕೋ ಹಾಗೇ ಇತ್ತು. ಮೊದಲ ದಿನ ರಂಜಿತ ಎತ್ತರ ಕಾಯ್ದರೆ ದಿಕ್ಕು ಬಿಡುತ್ತಿದ್ದಳು, ದಿಕ್ಕು ಕಾಯ್ದರೆ ವೇಗ ಬಿಡುತ್ತಿದ್ದಳು. ಮೂರನೇ ದಿನ ರನ್‌ವೇಯಿಂದ ಒಂದು ಕಿಲೋಮೀಟರ್ ಆಚೆ, ಪರದೆಯ ಮೇಲಿನ ಹೊಲವೊಂದರಲ್ಲಿ ವಿಮಾನ ಇಳಿಸಿದಳು. ಕ್ಯಾಪ್ಟನ್ ನಂಜಪ್ಪ ಮೆತ್ತಗಿನ ಮನುಷ್ಯ. ಹೊರಗೆ ಬಂದು, "ಪರವಾಗಿಲ್ಲ ಯಶೋಧಮ್ಮ, ಬರ್ತದೆ," ಎಂದರು.

"ಏನ್ ಪರವಾಗಿಲ್ಲ ಸಾರ್? ಯಾರದೋ ಭತ್ತದ ಗದ್ದೆಗೆ ಇಳಿಸವ್ಳೆ!"

ಐದನೇ ದಿನ ಮತ್ತೊಂದು ಪೀಕಲಾಟ. ದಿಗಂತ ತೋರಿಸುವ ಮೀಟರು, ಅಂದರೆ ವಿಮಾನ ವಾಲಿದೆಯೋ ನೆಟ್ಟಗಿದೆಯೋ ಹೇಳುವ ಮುಖ್ಯ ಮೀಟರು, ಇದ್ದಕ್ಕಿದ್ದಂತೆ ಕಪ್ಪಾಯಿತು. ಪೆಟ್ಟಿಗೆ ಮಾಡಿದ ಕಂಪನಿಯ ಪ್ರತಿನಿಧಿಗೆ ಯಶೋಧ ಫೋನು ಮಾಡಿದರು. ಬಿಡಿಭಾಗ ಹೊರದೇಶದಿಂದ ಬರಬೇಕು, ಹದಿನೈದು ದಿನ ಎಂದರು. ಕೆಟ್ಟದ್ದರ ಫೋಟೋ ಕಳಿಸಿ ಎಂದರು. ಕಳಿಸಿದರೆ, ಫೋಟೋದಲ್ಲಿ ಏನೂ ಕಾಣುತ್ತಿಲ್ಲ, ಬರೀ ಕಪ್ಪಾಗಿದೆ ಎಂದು ಉತ್ತರ ಬಂತು. "ಅಯ್ಯೋ ಪುಣ್ಯಾತ್ಮ, ಅದೇ ಕಣಪ್ಪ ಕೆಟ್ಟಿರೋದು!" ಎಂದು ಯಶೋಧ ಕೂಗಿದ್ದು ಬಕೆಟ್ ಮಿಷನ್ನಿನ ಸದ್ದಿನ ನಡುವೆಯೂ ಪಕ್ಕದ ಶೆಡ್ಡಿಗೆ ಕೇಳಿಸಿತಂತೆ.

ರಂಜಿತ ಪೆಟ್ಟಿಗೆಯಿಂದ ಇಳಿದು, "ಹೋಗಲಿ ಬಿಡಿ ಅಕ್ಕ, ಆಗಲ್ಲ ಅನ್ಸತ್ತೆ," ಎಂದಳು. ಆ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಿರಾಳ ಇತ್ತು. ಯಶೋಧ ಅವರನ್ನು ಕೆಣಕಿದ್ದು ಅದೇ.

"ಆಕಾಸದಲ್ಲಿ ಕೆಟ್ಟೋದ್ರೆ ರಿಪೇರಿಯವ್ನು ಬಂದು ಬಾಗಿಲು ತಟ್ತಾನಾ? ಉಳಿದ ಮೀಟ್ರು ಅವಲ್ಲ, ಅವನ್ನ ನೋಡ್ಕಂಡು ಓಡ್ಸು. ನಾಳೆ ಐದಕ್ಕೇ ಹತ್ತು."

ಕ್ಯಾಪ್ಟನ್ ಹೌದೆಂದು ತಲೆಯಾಡಿಸಿದರು. ಒಂದು ಮೀಟರು ಕೆಟ್ಟಾಗ ಉಳಿದವುಗಳಿಂದ ಹಾರುವುದು ಹೇಗಿದ್ದರೂ ಕಲಿಯಬೇಕಾದ ಪಾಠವೇ. ಅದಕ್ಕಾಗಿ ಬೇಕೆಂದೇ ಮೀಟರಿಗೆ ರಟ್ಟು ಮುಚ್ಚಿ ಅಭ್ಯಾಸ ಮಾಡಿಸುವುದುಂಟು. ಮುಂದಿನ ಎರಡು ದಿನ ರಂಜಿತ ಅದಿಲ್ಲದೆಯೇ ಹಾರಿದಳು. ದಿಕ್ಸೂಚಿ, ಎತ್ತರದ ಮೀಟರು, ತಿರುವು ತೋರಿಸುವ ಮೀಟರು, ಮತ್ತೆ ದಿಕ್ಸೂಚಿ. ಕಣ್ಣು ಎಲ್ಲೂ ನಿಲ್ಲುವಂತಿಲ್ಲ. ಏಳನೇ ದಿನ ಲೋಕೇಶ ಡೇರಿಯಲ್ಲಿ ಪರಿಚಯವಿದ್ದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಒಳಗಿನ ವೈರೊಂದು ಕಿತ್ತುಕೊಂಡಿತ್ತು, ಅಷ್ಟೇ. ಬೆಸುಗೆ ಹಾಕಿದರು. ಹದಿನೈದು ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಯಶೋಧ ಅವರಿಗೆ ಅದರಿಂದ ಸಂತೋಷವಾಗಲಿಲ್ಲ, ಇನ್ನಷ್ಟು ಕೋಪ ಬಂತು.

ನಾನು ಮೊದಲ ಸಲ ಶೆಡ್ಡಿಗೆ ಹೋದದ್ದು ಎಂಟನೇ ಬೆಳಿಗ್ಗೆ. ಒನ್ ಟೂ ಝೀರೋ ತಪ್ಪಿ ಬೈಸಿಕೊಂಡ ಆ ಹುಡುಗಿ ಅಂದು ಕೊನೆಯ ನಾಲ್ಕು ಸಲವೂ ವಿಮಾನವನ್ನು ರನ್‌ವೇ ನಡುಗೆರೆಗೇ ತಂದಳು. ಯಶೋಧ ಹೊಗಳಲಿಲ್ಲ. ಮೈಕಿನಲ್ಲಿ, "ವೆಲ್‌ಕಮ್, ಗುಡ್ ಡೇ," ಎಂದರು. ಅದು ನಿಯಂತ್ರಣ ಕೊಠಡಿ ಎಲ್ಲರಿಗೂ ಹೇಳುವ ಮಾತು.

ಪರೀಕ್ಷೆ ಇದ್ದದ್ದು ಇನ್ನೊಂದು ಜಿಲ್ಲೆಯ ಹಾರಾಟ ಶಾಲೆಯಲ್ಲಿ, ಸೆಪ್ಟೆಂಬರ್ ಹದಿನೇಳಕ್ಕೆ. ರಂಜಿತ ಹಿಂದಿನ ದಿನವೇ ಹೋಗಿ ಉಳಿದಳು. ಹದಿನೇಳರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬಂತು. ಗುಡುಗು ಮೋಡ ಕಟ್ಟಿದೆ, ಹಾರಾಟ ರದ್ದು.

ಯಶೋಧ ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಕೇಳಿದ್ರಾ ಸಾರ್? ಮೋಡದಲ್ಲಿ ಹಾರೋ ಪರೀಕ್ಷೆ, ಮೋಡ ಅದೆ ಅಂತ ರದ್ದು!" ಸಣ್ಣ ವಿಮಾನ ಗುಡುಗು ಮೋಡದ ಹತ್ತಿರ ಹೋಗಬಾರದು ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೂ ಯಾರನ್ನಾದರೂ ಬೈಯಬೇಕಲ್ಲ.

ಹದಿನೆಂಟಕ್ಕೆ ಆಕಾಶ ತಿಳಿಯಾಗಿತ್ತು. ವಿಮಾನದ ಬ್ಯಾಟರಿ ಕೈಕೊಟ್ಟಿತು. ಸರಿಯಾಗುವಷ್ಟರಲ್ಲಿ ಮಧ್ಯಾಹ್ನ ದಾಟಿತು, ಪರೀಕ್ಷಕರಿಗೆ ಬೇರೆಡೆ ಕೆಲಸವಿತ್ತು. ನಾಳೆ ಬೆಳಿಗ್ಗೆ ಖಂಡಿತ ಎಂದರು. ಇನ್ನುಳಿದದ್ದು ಎರಡೇ ದಿನ. ಅಂದು ಸಂಜೆ ರಂಜಿತ ಫೋನಿನಲ್ಲಿ ಅತ್ತಳು. ಯಶೋಧ ಸಮಾಧಾನ ಹೇಳುವವರಲ್ಲ. "ಅತ್ರೆ ಕಣ್ಣು ಮಂಜಾಯ್ತದೆ. ನಾಳೆ ಮೀಟ್ರು ಓದ್ಬೇಕು. ಉಂಡು ಮನೀಕೋ," ಎಂದು ಇಟ್ಟರು. ಇಟ್ಟ ಮೇಲೆ ಲೋಕೇಶ ಅವರಿಗೆ ಮುದ್ದೆ ಬಡಿಸುವುದನ್ನೇ ಮರೆತರಂತೆ. ಇದನ್ನು ಹೇಳಿದವರು ಲೋಕೇಶ. "ದಿಲೀಪನ ವಿಸ್ಯ ಅವ್ಳ ತಲೇಲಿ ಕೂತದೆ ಸಾರ್. ಯಾರ್ದೇ ತಾರೀಕು ಅತ್ರ ಬಂದ್ರೂ ಊಟ ಸೇರಾಕಿಲ್ಲ."

ಹತ್ತೊಂಬತ್ತನೇ ತಾರೀಕು ನಾನು ಶೆಡ್ಡಿನಲ್ಲೇ ಇದ್ದೆ. ಯಶೋಧ ಬೇರೆ ಇಬ್ಬರಿಗೆ ಎಂದಿನಂತೆ ಅಭ್ಯಾಸ ಮಾಡಿಸಿದರು, ಎಂದಿನಂತೆ ಗೋಡೆ ಕುಟ್ಟಿದರು. ಎಂಟಕ್ಕೆ ಪಕ್ಕದ ಮಿಷನ್ನು ಶುರುವಾಯಿತು, ಪರದೆ ಆರಿತು. ಆಮೇಲೆ ಮಾಡಲು ಏನೂ ಇರಲಿಲ್ಲ. ನೆಲ ಒರೆಸಿದರು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದರು. ಕ್ಯಾಪ್ಟನ್ ಪತ್ರಿಕೆ ಹಿಡಿದು ಒಂದೇ ಪುಟ ನೋಡುತ್ತಿದ್ದರು.

ಹನ್ನೊಂದೂ ನಲವತ್ತಕ್ಕೆ ಫೋನು ಬಂತು. ಸ್ಪೀಕರ್ ಹಾಕಿದರು.

"ಅಕ್ಕ, ಆಯ್ತು. ಪಾಸು." ರಂಜಿತಳ ದನಿ ಏದುತ್ತಿತ್ತು. "ಮೊದಲನೇ ಸಲ ಇಳಿಯೋವಾಗ ಗೆರೆ ಬಿಟ್ಟು ಆಚೆ ಹೋಗಿದ್ದೆ. ಎಳೆದು ಸರಿ ಮಾಡೋಕೆ ಹೋಗಲಿಲ್ಲ, ಇಳಿಸದೆ ಮೇಲಕ್ಕೆ ಎತ್ಕೊಂಡು ಇನ್ನೊಂದು ಸುತ್ತು ಬಂದೆ. ಎರಡನೇ ಸಲ ಸರಿ ಬಂತು. ಮೊದಲ್ನೇದನ್ನ ಬಿಟ್ಟಿದ್ದೇ ಒಳ್ಳೇದಾಯ್ತು ಅಂದ್ರು ಪರೀಕ್ಷಕರು."

ಕ್ಯಾಪ್ಟನ್ ಪತ್ರಿಕೆ ಮಡಿಸಿ ಚಪ್ಪಾಳೆ ತಟ್ಟಿದರು. ಯಶೋಧ ತಟ್ಟಲಿಲ್ಲ.

"ಸಹಿ ಆಯ್ತಾ? ಎಲ್ಲಾ ಹಾಳೆದೂ ಫೋಟೋ ತಗ್ದು ಕಳ್ಸು. ಈಗ್ಲೇ."

ಫೋಟೋ ಬಂದವು. ಕನ್ನಡಕ ಏರಿಸಿ, ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಸಾಲು ನೋಡಿದರು. ಮೂರನೇ ಹಾಳೆಗೆ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟರು. ಫೋನು ಕಿವಿಗೆ ಹೋಯಿತು. "ರಂಜಿತಾ! ಫಾರಮ್ಮಲ್ಲಿ ಸಹಿ ಅದೆ, ತಾರೀಕಿಲ್ಲ! ಆ ಸಾರ್ ಎಲ್ಲವ್ರೆ? ಕಾರು ಹತ್ತುತಾವ್ರಾ? ಓಡು! ಹಿಡ್ಕೋ ಅವ್ರನ್ನ!"

ಫೋನಿನಲ್ಲಿ ಚಪ್ಪಲಿಯ ಸದ್ದು, ಏದುಸಿರು, "ಸಾರ್, ಸಾರ್" ಎಂಬ ಕೂಗು, ಕಾರಿನ ಬಾಗಿಲು ತೆಗೆದ ಸದ್ದು ಒಂದಾದ ಮೇಲೊಂದು ಕೇಳಿಸಿದವು. ಯಾರೋ ಗಂಡಸು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ನಕ್ಕರು. ಎರಡು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ಸಹಿಯ ಕೆಳಗೆ ತಾರೀಕು ಇತ್ತು. ಯಶೋಧ ಅದನ್ನು ಮೂರು ಸಲ ಓದಿದರು. ನೋಟ್‌ಬುಕ್ಕು ತೆರೆದು, ರಂಜಿತಳ ಸಾಲಿನಲ್ಲಿ ಮುಂದಿನ ವರ್ಷದ ತಾರೀಕು ಬರೆದು, ಬರೆದದ್ದನ್ನು ಕ್ಯಾಪ್ಟನ್‌ಗೆ ತೋರಿಸಿ ಸರಿಯಿದೆಯಾ ಎಂದು ಕೇಳಿದರು. ಆಮೇಲೆ ಶೆಡ್ಡಿನ ಹೊರಗೆ ಹೋಗಿ ಬೆನ್ನು ಮಾಡಿ ನಿಂತರು. ವಾಪಸು ಬರುವಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಎಂಥ ಬಿಸ್ಲು ಸಾರ್ ಇದು," ಎಂದರು.

ರಂಜಿತ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಕೆಲಸ ಸಿಕ್ಕಿಲ್ಲ. ನವೆಂಬರಿನಲ್ಲಿ ಒಂದು ಕಂಪನಿಯ ಲಿಖಿತ ಪರೀಕ್ಷೆ ಇದೆ, ಅರ್ಜಿ ಹಾಕಿದ್ದಾಳೆ. ರೇಟಿಂಗ್ ಚಾಲ್ತಿಯಲ್ಲಿದೆಯೇ ಎಂಬ ಪ್ರಶ್ನೆಗೆ ಹೌದು ಎಂದು ತುಂಬಿದ್ದಾಳೆ. "ಆಗದಿದ್ರೆ ಬಿಡ್ತೀನೋ ಇಲ್ವೋ ಗೊತ್ತಿಲ್ಲ. ಈ ವರ್ಷ ಪೂರ್ತಿ ಯೋಚನೆ ಮಾಡೋಕೆ ಟೈಮ್ ಇದೆ," ಎಂದಳು ನನಗೆ.

ಕೊನೆಯ ಸಲ ಹೋದಾಗ ಯಶೋಧ ಅವರನ್ನು ಕೇಳಿದೆ: ಇಷ್ಟು ಜನರನ್ನು ಹಾರಿಸಿದ್ದೀರಿ, ನಿಮಗೆ ಹಾರುವ ಆಸೆಯಿಲ್ಲವೇ?

"ಒಂದ್ಸಲ ಹತ್ತಿದ್ದೆ, ಹಳೇ ಶಾಲೇಲಿ ಇರೋವಾಗ. ವಾಂತಿ ಮಾಡ್ಕಂಡೆ. ಸಾಕಪ್ಪ," ಎಂದರು. "ನಂಗಿರೋದು ಒಂದೇ ಆಸೆ. ನಾನು ಫೋನ್ ಮಾಡಕ್ಕೆ ಮುಂಚೆ ಒಬ್ರಾದ್ರೂ ಅವ್ರಾಗೇ ಮಾಡಿ, 'ಯಶೋಧಕ್ಕ, ನಂದು ಮುಂದಿನ ತಿಂಗ್ಳು ಮುಗೀತದೆ' ಅನ್ಬೇಕು. ಆರು ವರ್ಸಕ್ಕೆ ಒಬ್ರೂ ಅಂದಿಲ್ಲ."

ಹಾಗೆಂದು ನೋಟ್‌ಬುಕ್ಕು ಮುಂದಕ್ಕೆಳೆದು, ಮುಂದಿನ ಹೆಸರಿಗೆ ಫೋನು ಒತ್ತಿದರು. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಕಾಯುತ್ತಾ, ಏನೋ ನೆನಪಾದವರಂತೆ, ಫೋನಿಗೆ ಕೈ ಮುಚ್ಚಿ ನನ್ನ ಕಡೆ ನೋಡಿದರು.

"ಒಂದು ಬರ್ಕಳಿ ಸಾರ್. ಈ ಆರು ವರ್ಸದಲ್ಲಿ ಬ್ಯಾಡ ಅಂತ ಬುಟ್ಟೋರು ಎಂಟು ಜನ ಅವ್ರೆ. ತಾರೀಕು ಮರ್ತು ಬುಟ್ಟೋರು ಒಬ್ರೂ ಇಲ್ಲ."